ಭಟ್ಟಿಯ ಹಿಂದಿನ ರೇಡಿಯೋ

ತುಪ್ಪ, ಏಲಕ್ಕಿ ಬೆರೆಸಿದ ಹಿಟ್ಟು ಕಟ್ಟಿಗೆಯ ಉರಿಯಲ್ಲಿ ಬೇಯುವ ವಾಸನೆ ಎಲ್ಲಿಂದಲಾದರೂ ತೇಲಿ ಬಂದರೆ ಸಾಕು, ನಾನು ರಸ್ತೆ ದಾಟಿ ಆಚೆ ಬದಿಗೆ ಹೋಗಿಬಿಡುತ್ತೇನೆ. ಅಜ್ಜಿಗೆ ಸಿಹಿ ಆಗಿಬರುವುದಿಲ್ಲ ಎಂದು ಮೊಮ್ಮಕ್ಕಳು ತಿಳಿದಿದ್ದಾರೆ. ತಿಳಿದುಕೊಳ್ಳಲಿ. ಅವ್ವನ ಕೈಯ ನಾನಖಟಾಯಿ ತಿಂದು ಬೆಳೆದವಳು ನಾನು, ಸಿಹಿ ಆಗದೆ ಏನು? ಆ ವಾಸನೆಯ ಹಿಂದೆಯೇ ಒಂದು ಹಳೆಯ ರೇಡಿಯೋದ ಗೊರಗೊರ ಕೇಳತೊಡಗುತ್ತದೆ. ಅದನ್ನು ತಡೆದುಕೊಳ್ಳುವುದು ನನ್ನಿಂದ ಆಗುವುದಿಲ್ಲ.

ನಮ್ಮ ಮನೆ ಇಬ್ರಾಹಿಂಪುರದಲ್ಲಿ, ರೈಲು ಹಳಿಯಿಂದ ಕೂಗಳತೆಯಲ್ಲಿತ್ತು. ಅಪ್ಪ ಮಾಲು ಗಾಡಿಗಳ ಆಫೀಸಿನಲ್ಲಿ ಕಾರಕೂನ. ಅವ್ವ ಹೊನವಾಡದ ಒಕ್ಕಲು ಮನೆತನದ ಮಗಳು, ಅಕ್ಷರ ಕಲಿತವಳಲ್ಲ. ಮಕ್ಕಳಲ್ಲಿ ಉಳಿದವಳು ನಾನೊಬ್ಬಳೇ. ಆಗ ಮನೆಗಳಲ್ಲಿ ಒಲೆ ಇತ್ತು, ಭಟ್ಟಿ ಎಲ್ಲಿಂದ ಬರಬೇಕು? ಹೆಂಗಸರು ಹಿಟ್ಟು ನಾದಿ, ಉಂಡೆ ಕಟ್ಟಿ, ತಗಡಿನ ತಾಟಿನಲ್ಲಿ ಸಾಲಾಗಿ ಇಟ್ಟುಕೊಂಡು ಹುಸೇನಣ್ಣನ ಬೇಕರಿಗೆ ಒಯ್ಯುತ್ತಿದ್ದರು. ಅವನ ಪಾವು ಬ್ರೆಡ್ಡು ತೆಗೆದಾದ ಮೇಲೆ ಉಳಿದ ಕಾವಿನಲ್ಲಿ ನಮ್ಮ ತಾಟುಗಳು ಬೇಯುತ್ತಿದ್ದವು. ಯಾರದು ಯಾರಿಗೋ ಹೋಗಬಾರದೆಂದು ಮನೆಗೊಂದು ಗುರುತು. ಒಬ್ಬರು ಹೆಬ್ಬೆಟ್ಟು ಒತ್ತುವರು, ಒಬ್ಬರು ಬಾಚಣಿಕೆಯ ಗೆರೆ ಎಳೆಯುವರು. ಅವ್ವ ದಾರ ಖಾಲಿಯಾದ ಕಟ್ಟಿಗೆಯ ರೀಲು ಒತ್ತುತ್ತಿದ್ದಳು. ತಾಟು ಒಳಗೆ ಹೋದ ಮೇಲೆ ಹಿಂದಿನ ಪಡಸಾಲೆಯಲ್ಲಿ ಕುಳಿತು ಕಾಯಬೇಕು. ಅಲ್ಲೇ ಗೂಡಿನಲ್ಲಿ ಹುಸೇನಣ್ಣನ ರೇಡಿಯೋ ಇತ್ತು.

ಅವ್ವನಿಗೆ ರೇಡಿಯೋದ ಹುಚ್ಚು. ಇಂದು ಸೊಸೆಯಂದಿರು ಟಿವಿ ಧಾರಾವಾಹಿಗೆ ಅಂಟಿಕೊಂಡು ಕೂತರೆ ಗೊಣಗುವ ಅತ್ತೆಯರನ್ನು ಕಂಡು ನನಗೆ ನಗು ಬರುತ್ತದೆ. ನಮ್ಮವ್ವನನ್ನು ನೋಡಬೇಕಿತ್ತು ಅವರು. ಮಧ್ಯಾಹ್ನ ಧಾರವಾಡದಿಂದ ಹೆಣ್ಣುಮಕ್ಕಳಿಗೆಂದು ಒಂದು ಕಥೆ ಬರುತ್ತಿತ್ತು, ವಾರಕ್ಕೆ ಎರಡು ಸಲ. ಶಾರದಾ ಎಂಬ ಸೊಸೆ, ಅವಳ ಮನೆ ಮುರಿಯಲು ಹೊಂಚುವ ಚಿಕ್ಕಮಾವ. ಅವ್ವನ ಪಾಲಿಗೆ ಅದು ಕಥೆಯೇ ಅಲ್ಲ, ಪಕ್ಕದ ಓಣಿಯ ಸಂಸಾರ. ಒಮ್ಮೆ ನನ್ನಿಂದ ರೇಡಿಯೋದವರಿಗೆ ಕಾರ್ಡು ಬರೆಸಿದಳು. "ಬರಿ, 'ಶಾರದಾಗ ಹೇಳ್ರಿ, ಆ ಮಾವನ ಮಾತು ನಂಬಬ್ಯಾಡಂತ ಹೇಳ್ರಿ. ಅಂವ ಕಾಗದಕ್ಕ ಸಹಿ ಹಾಕಸ್ಕೋತಾನ.'" ಮೊದಲೆಲ್ಲ ಪಕ್ಕದ ಮಾಸ್ತರರ ಮನೆಯಲ್ಲಿ ಕೂತು ಕೇಳುತ್ತಿದ್ದಳು. ಅವಳಿಗೆ ಕ್ಷಯ ಎಂದು ಗೊತ್ತಾದ ವಾರದಲ್ಲೇ ಮಾಸ್ತರರ ಹೆಂಡತಿ ಬಾಗಿಲಲ್ಲಿ ನಿಂತು, "ನಮ್ಮ ರೇಡಿಯೋ ಕೆಟ್ಟೈತ್ರಿ" ಅಂದರು. ಒಳಗೆ ಅದು ಹಾಡುತ್ತಲೇ ಇತ್ತು. ಅವ್ವ ತಿರುಗಿ ಬಂದಳು.

ಭಟ್ಟಿಯಲ್ಲೂ ಹೆಂಗಸರು ತಮ್ಮ ತಾಟನ್ನು ನಮ್ಮ ತಾಟಿನಿಂದ ದೂರ ಸರಿಸಿದರು. ಅವ್ವ ಎತ್ತಿಕೊಂಡು ಹೊರಟೇಬಿಟ್ಟಿದ್ದಳು. ಹುಸೇನಣ್ಣ ಕೂಗಿದ, "ಬೆಂಕಿಗೆ ಯಾವ ಬ್ಯಾನಿ ಹತ್ತತೈತಿ ತಂಗೆವ್ವಾ? ತಾಟು ಇತ್ತ ಕೊಡು." ಅಂದಿನಿಂದ ಎಲ್ಲರದೂ ಮುಗಿದ ಮೇಲೆ ನಮ್ಮದೊಂದೇ ತಾಟು ಒಳಗೆ ಹೋಗುತ್ತಿತ್ತು. ಪಡಸಾಲೆಯಲ್ಲಿ ನಾನು, ಅವ್ವ, ರೇಡಿಯೋ, ಇಷ್ಟೇ.

ದವಾಖಾನೆಯಲ್ಲಿ ದಿನ ಬಿಟ್ಟು ದಿನ ಸೂಜಿ ಮಾಡುತ್ತಿದ್ದರು. ತಿಂಗಳುಗಟ್ಟಲೆ ನಡೆಯಬೇಕು, ಒಂದೂ ತಪ್ಪಿಸಬಾರದು ಎಂದಿದ್ದರು ಡಾಕ್ಟರು. ಅಪ್ಪನಿಗೆ ಡ್ಯೂಟಿ, ಹಾಗಾಗಿ ಹತ್ತು ವರ್ಷದ ನಾನೇ ಜೊತೆಗೆ ಹೋಗುತ್ತಿದ್ದೆ. ಸಂಜೆ ಅಪ್ಪ ಉಪ್ಪು ಹುರಿದು ಬಟ್ಟೆಯಲ್ಲಿ ಗಂಟು ಕಟ್ಟಿ, ಸೂಜಿ ಚುಚ್ಚಿದ ಅವ್ವನ ರಟ್ಟೆಗೆ ಕಾವು ಕೊಡುತ್ತಿದ್ದ. "ಇವತ್ತ ಯಾವ ಕಡಿ? ಎಡಕೋ ಬಲಕೋ?" ಎಂದು ಕೇಳುತ್ತಿದ್ದ. ಮನೆಯಲ್ಲಿ ನಾನು ಕಂಡ ಅವರಿಬ್ಬರ ಪ್ರೀತಿ ಅಂದರೆ ಅದೇ. ಕೆಮ್ಮು ಇಳಿಯಿತು, ಮುಖಕ್ಕೆ ಕಳೆ ಬಂತು. ಆದರೆ ಅವ್ವನಿಗೆ ಕಿವಿಯಲ್ಲಿ ಗುಂಯ್‌ಗುಡಲು ಶುರುವಾಯಿತು. ನಾನು ಕರೆದರೆ ಬೇರೆ ಕಡೆ ನೋಡುವಳು. ಒಂದು ದಿನ ಮಾಲು ಗಾಡಿ ಮನೆಯ ಹಿಂದೆಯೇ ಹಾದುಹೋದದ್ದು ಅವಳಿಗೆ ಗೊತ್ತಾಗಲಿಲ್ಲ. ಕಂಪೌಂಡರನಿಗೆ ಹೇಳಿದಾಗ, "ಈ ಸೂಜಿಗೆ ಕೆಲವರಿಗೆ ಹಂಗ ಆಗತೈತ್ರಿ. ಜೀವ ಬೇಕಲ್ಲ ಮೊದಲ?" ಅಂದ.

ಮರುದಿನವಲ್ಲ, ಅದರ ಮರುದಿನ, ಅವ್ವ ದವಾಖಾನೆಯ ತಿರುವಿನಲ್ಲಿ ನಿಂತಳು. ನಿಂತು, ಭಟ್ಟಿಯ ದಾರಿ ಹಿಡಿದಳು. "ಸುಮಿ, ಅಪ್ಪಗ ಹೇಳಬ್ಯಾಡ. ನನಗೀಗ ಆರಾಮ ಆಗೇತಿ. ಕಿವಿ ಹ್ವಾದ್ರ ನೀ ಅವ್ವಾ ಅಂದಿದ್ದು ನನಗ ಹ್ಯಾಂಗ ಕೇಳಬೇಕು, ನನ್ನ ಬಂಗಾರಾ?" ನಾನು ಹೂಂ ಅಂದೆ. ಅವಳ ಮೇಲಿನ ಕರುಣೆಯಿಂದ ಅಂದೆ ಎಂದು ಎಷ್ಟೋ ವರ್ಷ ನನಗೆ ನಾನೇ ಹೇಳಿಕೊಂಡಿದ್ದೇನೆ. ಪೂರ್ತಿ ನಿಜವಲ್ಲ. ಕೈಗೆ ಬಿಸಿ ನಾನಖಟಾಯಿ ಸಿಗುತ್ತಿತ್ತು, ಶಾರದೆಯ ಕಥೆ ನನಗೂ ರುಚಿ ಹತ್ತಿತ್ತು, ದವಾಖಾನೆಯ ಫಿನೈಲು ನಾತ ತಪ್ಪಿತ್ತು. ಎರಡು ತಿಂಗಳು ಹೀಗೆ ನಡೆಯಿತು. ಅವ್ವನ ಕಿವಿಯ ಸದ್ದು ಕಡಿಮೆಯಾಯಿತು, ಅವಳು ನಗತೊಡಗಿದಳು. ಸಂಜೆ ಅಪ್ಪ ಉಪ್ಪಿನ ಗಂಟು ಹಿಡಿದು ಬಂದರೆ ಒಂದು ದಿನ ಎಡಗೈ, ಒಂದು ದಿನ ಬಲಗೈ ಚಾಚುತ್ತಿದ್ದಳು. ಸೂಜಿಯೇ ಇಲ್ಲದ ರಟ್ಟೆಗೆ ಅಪ್ಪ ಕಾವು ಕೊಡುತ್ತಿದ್ದ. ನಾನು ಪುಸ್ತಕದಿಂದ ಮುಖ ಎತ್ತುತ್ತಿರಲಿಲ್ಲ.

ಚಳಿಗಾಲ ಕಾಲಿಡುವಾಗ ಬಚ್ಚಲಿನಲ್ಲಿ ರಕ್ತ ಕಂಡಿತು. ಅಪ್ಪ ದವಾಖಾನೆಗೆ ಓಡಿದ. ಇಷ್ಟು ಸೂಜಿಯಾದರೂ ಹೀಗೇಕೆ ಎಂದು ಕೇಳಲು ಹೋದವನಿಗೆ ಕಂಪೌಂಡರ ಹಾಜರಿ ವಹಿ ತೆಗೆದು, ಅವ್ವನ ಹೆಸರಿನ ಮುಂದೆ ಎರಡು ತಿಂಗಳಿಂದ ಖಾಲಿಯಿದ್ದ ಸಾಲು ತೋರಿಸಿದನಂತೆ. ಮನೆಗೆ ಬಂದು ಅವ್ವನೆದುರು ಕುಕ್ಕರಗಾಲಲ್ಲಿ ಕುಳಿತ. ಬೈಯಲಿಲ್ಲ. "ಹಿಂಗ್ಯಾಕ ಮಾಡಿದಿ? ನನಗರೆ ಹೇಳಬಾರದಾಗಿತ್ತೇನು?" ಎಂದಷ್ಟೇ ಕೇಳಿದ. ಅವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡು, "ನಿಮಗ ಹೇಳಿದ್ರ ನೀವು ಕಳಸ್ತಿದ್ರಿ" ಅಂದಳು.

ಸೂಜಿ ಮತ್ತೆ ಶುರುವಾಯಿತು. ಅಪ್ಪ ರಜೆ ಹಾಕಿ ತಾನೇ ಕರೆದೊಯ್ದ. ರೋಗ ಈ ಸಲ ಮಾತು ಕೇಳಲಿಲ್ಲ, ಕಿವಿ ಮಾತ್ರ ಹೇಳಿದ ಹಾಗೆ ಹೋಯಿತು. ಮಾಘ ಮಾಸದ ಹೊತ್ತಿಗೆ ಅವ್ವನಿಗೆ ಏನೂ ಕೇಳಿಸದಾಯಿತು. ನಾನೊಬ್ಬಳೇ ಭಟ್ಟಿಗೆ ಹೋಗಿ ಕಥೆ ಕೇಳಿ ಬಂದು, ಹಾಸಿಗೆಯ ಬಳಿ ನಿಂತು ಕೈಸನ್ನೆಯಲ್ಲಿ ಹೇಳುತ್ತಿದ್ದೆ. ಮೀಸೆ ತಿರುವಿದರೆ ಚಿಕ್ಕಮಾವ, ಸೆರಗು ಹೊದ್ದರೆ ಶಾರದಾ. ಅವ್ವ ನನ್ನ ತುಟಿಯನ್ನೇ ನೋಡುತ್ತಾ ಎಲ್ಲ ತಿಳಿದವಳಂತೆ ತಲೆಯಾಡಿಸುವಳು. ಏನೂ ತಿಳಿದಿರಲಿಲ್ಲ ಎಂದು ನನಗೆ ಗೊತ್ತು. ಕೊನೆಯ ದಿನ ಅಪ್ಪ ಅವಳ ಕಿವಿಗೆ ಬಾಯಿ ಹಚ್ಚಿ ಹೆಸರು ಹಿಡಿದು ಕರೆದ. ನಾನು ಅವ್ವಾ, ಅವ್ವಾ ಎಂದು ಚೀರಿದೆ. ಓಣಿಯವರಿಗೆಲ್ಲ ಕೇಳಿತು.

ದಿನಗಳು ಮುಗಿದು ಬಂದವರೆಲ್ಲ ಹೋದ ಮೇಲೆ, ಒಂದು ಮಧ್ಯಾಹ್ನ ಅಪ್ಪ ನನ್ನನ್ನು ಹತ್ತಿರ ಕೂರಿಸಿಕೊಂಡ. "ಸುಮಿ, ಅವ್ವ ಸೂಜಿಗೆ ಹೋಗ್ತಿದ್ದಿಲ್ಲಂತ ನಿನಗ ಗೊತ್ತಿತ್ತೇನು?"

"ಇಲ್ಲಪ್ಪಾ. ನನ್ನ ಹೊರಗ ಕುಂದ್ರಸಿ ಅಕಿ ಒಬ್ಬಾಕೀನ ಒಳಗ ಹೋಗ್ತಿದ್ಲು."

ಅಪ್ಪ ನನ್ನ ತಲೆ ಸವರಿದ. "ಹೌದವಾ. ನೀ ಸಣ್ಣಾಕಿ, ನಿನಗ ಹ್ಯಾಂಗ ಗೊತ್ತಾಗಬೇಕು. ನನಗ ಗೊತ್ತಾಗಬೇಕಿತ್ತು. ದಿನಾ ರಟ್ಟಿ ಮುಟ್ಟತಿದ್ದೆ ನಾ."

ಆಮೇಲೆ ಅಪ್ಪ ಬಹಳ ವರ್ಷ ಬದುಕಿದ. ನನ್ನ ಮದುವೆ ಮಾಡಿದ, ಮೊಮ್ಮಕ್ಕಳನ್ನು ಆಡಿಸಿದ. ಅವ್ವನ ಮಾತು ಬಂದಾಗಲೆಲ್ಲ ಯಾರೇ ಇರಲಿ ಅವರೆದುರು, "ನನಗ ಗೊತ್ತಾಗಲಿಲ್ಲ ನೋಡ್ರಿ, ಮುಟ್ಟಿದ್ರೂ ಗೊತ್ತಾಗಲಿಲ್ಲ" ಅನ್ನುತ್ತಿದ್ದ. ಅವರಿಗೆ ಚಹಾ ಕೊಡುತ್ತಾ ನಾನು ಅಲ್ಲೇ ಇರುತ್ತಿದ್ದೆ. ಇವತ್ತು ಹೇಳಬೇಕು, ಈ ಸಲ ಹೇಳಬೇಕು ಎಂದು ಬಾಯಿ ತನಕ ಬರುತ್ತಿತ್ತು. ಹೇಳಲಿಲ್ಲ. ನನ್ನದೂ ಆಗಿದ್ದ ತಪ್ಪನ್ನು ಅಪ್ಪ ತನ್ನೊಬ್ಬನದೇ ಎಂದು ತಿಳಿದು ಹೊತ್ತುಕೊಂಡು ಹೋದ.