ಮೂಗಿನಿಂದ ಕದ್ದ ಉಸಿರು

ಬ್ಯಾಂಡಿನ ಕ್ಲಾರಿನೆಟ್ ಯಜಮಾನರಿಗೆ ಅರವತ್ತಾರು ವರ್ಷ. ಒಂದೇ ಸ್ವರವನ್ನು ಎಲ್ಲೂ ಕಡಿಯದೆ ಎರಡು ನಿಮಿಷ ಎಳೆಯುವುದು ಅವರ ಹೆಚ್ಚುಗಾರಿಕೆ. ಗುಟ್ಟು ಇಷ್ಟೇ: ಕೆನ್ನೆಯಲ್ಲಿ ತುಂಬಿಟ್ಟ ಗಾಳಿಯನ್ನು ಊದುತ್ತಿರುವಾಗಲೇ ಮೂಗಿನಿಂದ ಹೊಸ ಉಸಿರು ಕದಿಯುವುದು. ನಲವತ್ತು ವರ್ಷದ ಈ ಕಳ್ಳತನಕ್ಕೆ ಜನ ಚಪ್ಪಾಳೆಯನ್ನೇ ತಟ್ಟಿದ್ದರು. ಈಗ ಹೃದಯದ ಒಂದು ಕವಾಟ ಕೈಕೊಟ್ಟಿತ್ತು. ಬದಲಾಯಿಸಬೇಕು.

"ಆಪರೇಷನ್ನಿಗೆ ಮುಂಚೆ ಹೃದಯಕ್ಕೆ ರಕ್ತ ಕೊಡೋ ನಾಳಗಳಲ್ಲಿ ಅಡ್ಡಿ ಇದೆಯಾ ನೋಡ್ಬೇಕು," ಎಂದರು ಡಾಕ್ಟರು. "ಸ್ಕ್ಯಾನಲ್ಲಿ ಚಿತ್ರ ಸರಿಯಾಗಿ ಬರ್ಲಿಲ್ಲ ಅಂದ್ರೆ ಮಣಿಕಟ್ಟಿಂದ ಸಣ್ಣ ನಳಿಗೆ ತೂರಿಸಿ ನೋಡ್ತೀವಿ."

ಮಣಿಕಟ್ಟು ಎಂದದ್ದೇ ತಡ, ಯಜಮಾನರ ಜೀವ ಬಾಯಿಗೆ ಬಂತು. ಎದೆ ಬೇಕಾದರೆ ಕೊಯ್ಯಲಿ, ನುಡಿಸುವ ಕೈಯ ತಂಟೆಗೆ ಮಾತ್ರ ಯಾರೂ ಬರಬಾರದು! ಎಂಥ ಲೆಕ್ಕಾಚಾರವೋ ದೇವರೇ ಬಲ್ಲ.

ನಾಡಿ ನಿಧಾನವಾಗಲು ಮಾತ್ರೆ ಕೊಟ್ಟು, ತೋಳಿಗೆ ಸೂಜಿ ಚುಚ್ಚಿ, ಅವರನ್ನು ಯಂತ್ರದ ದೊಡ್ಡ ಬಳೆಯೊಳಗೆ ಮಲಗಿಸಿದರು. ನಾಳಗಳನ್ನು ಎದ್ದು ಕಾಣಿಸುವ ಔಷಧಿ ಬಿಡುವ ಮೊದಲು, ಚಿತ್ರ ಅಲುಗದಂತೆ ಉಸಿರು ಹಿಡಿಯುವ ಅಭ್ಯಾಸ. ಗಾಜಿನಾಚೆಯಿಂದ ಸ್ಕ್ಯಾನ್ ಹುಡುಗಿ ಮೈಕಿನಲ್ಲಿ, "ಉಸಿರು ಹಿಡ್ಕೊಳ್ಳಿ," ಎಂದಳು.

ಯಜಮಾನರು ಕೆನ್ನೆ ಉಬ್ಬಿಸಿದರು. ಹೊಟ್ಟೆ ಮಾತ್ರ ಆರಾಮಾಗಿ ಏರಿಳಿಯುತ್ತಿತ್ತು.

"ಉಸಿರಾಡ್ತಿದ್ದೀರಲ್ಲ ಯಜಮಾನ್ರೇ!"

"ಇಲ್ಲಮ್ಮ, ಗಟ್ಟಿಯಾಗಿ ಹಿಡ್ಕೊಂಡಿದ್ದೆ," ಎಂದರು ಪಾಪ, ನಿಜವಾಗಿಯೂ ಹಾಗೇ ನಂಬಿಕೊಂಡು.

ಮೂರು ಸಲವೂ ಇದೇ ಕಥೆ. ಬಾಯಿ ಮಾತು ಕೇಳುತ್ತಿತ್ತು, ಮೂಗು ಕೇಳುತ್ತಿರಲಿಲ್ಲ.

"ಇನ್ನೊಂದೇ ಸಲ ನೋಡ್ತೀನಿ. ಆಗ್ಲಿಲ್ಲ ಅಂದ್ರೆ ನಳಿಗೆನೇ ಗತಿ," ಎಂದಳು ಹುಡುಗಿ.

ಬಾಗಿಲಲ್ಲಿ ಕಾದಿದ್ದ ಹೆಂಡತಿ ಇದನ್ನು ಕೇಳಿ ಹುಡುಗಿಯ ಕೋಣೆಗೇ ನುಗ್ಗಿದರು.

"ಊದೋರ ಹಣೆಬರಹಾನೇ ಇಷ್ಟು ಕಣಮ್ಮ. ಇವ್ರ ಉಸಿರು ನಿಲ್ಲೋದು ಬೇರೆಯವ್ರು ಹಾಡುವಾಗ ಮಾತ್ರ, ಎಲ್ಲಿ ತಪ್ಪು ಮಾಡ್ತಾರೋ ಅಂತ. ಆ ಮೈಕ್ ಇತ್ತ ಕೊಡು."

ಹುಟ್ಟಿದಾಗಿನಿಂದ ಒಂದು ಸಾಲೂ ಹಾಡದ ಆಕೆ ಗಂಡನ ಮೆಚ್ಚಿನ ಹಾಡನ್ನೇ ಹಿಡಿದರು. ಹುಡುಗಿ ತುಟಿ ಕಚ್ಚಿಕೊಂಡು ಗುಂಡಿ ಒತ್ತಿದಳು. ಒಳಗೆ ಯಜಮಾನರು ಕಣ್ಣು ಮುಚ್ಚಿದರು. ಹೊಟ್ಟೆ ನಿಂತಿತು, ಮೂಗೂ ನಿಂತಿತು. ಔಷಧಿ ಇಳಿದು ಮೈಯೆಲ್ಲ ಬಿಸಿಯಾದರೂ ಅವರು ಮಿಸುಕಲಿಲ್ಲ.

ಚಿತ್ರದಲ್ಲಿ ನಾಳಗಳೆಲ್ಲ ಸ್ಪಷ್ಟವಾಗಿ ಕಂಡವು. ಅಡ್ಡಿ ಎಲ್ಲೂ ಇರಲಿಲ್ಲ. ಕವಾಟವೊಂದನ್ನು ಬದಲಾಯಿಸಿದರೆ ಸಾಕು, ಮಣಿಕಟ್ಟು ಮುಟ್ಟುವ ಅಗತ್ಯವಿಲ್ಲ ಎಂದರು ಡಾಕ್ಟರು.

ಯಜಮಾನರು ಅಂಗಿ ಗುಂಡಿ ಹಾಕಿಕೊಳ್ಳುತ್ತ ಹೊರಬಂದರು. "ಎರಡನೇ ಸಾಲು ಪೂರ್ತಿ ಶ್ರುತಿ ತಪ್ಪಿತ್ತು ಕಣೇ. ಮಾನ ಕಳೆದೆ."

ಆಕೆ ಬೈಯುತ್ತಾರೆಂದು ಅವರು ಕಾದರು. ಆಕೆ ಸೆರಗಿನಿಂದ ಕಣ್ಣೊರೆಸಿಕೊಂಡರು.

"ಆಪರೇಷನ್ ಮುಗಿಸ್ಕೊಂಡು ಮನೆಗೆ ಬಂದು ತಿದ್ದಿ. ಅಲ್ಲೀವರೆಗೆ ಹಾಗೇ ಹಾಡ್ತಿರ್ತೀನಿ."