ಬಟ್ಟಲಿಗೊಂದು ಛಲೋ ಮಾತು

ಹೈದರಾಬಾದಿನ ಕುಷಾಯಿಗೂಡದಲ್ಲಿ ನಮ್ಮ ಪಕ್ಕದ ಮನೆಯ ಫಿಟ್ಟರು ಬೀದರ ಕಡೆಯ ಬೌದ್ಧರು. ಯಾರಾದರೂ ಎದುರು ಪಕ್ಷದವರನ್ನು ಬೈಯತೊಡಗಿದರೆ ಅಂಗೈ ಅಡ್ಡ ಹಿಡಿಯುತ್ತಿದ್ದರು: "ಮೊದಲ ಅವರದೊಂದು ಛಲೋ ಮಾತು ಹೇಳ್ರಿ, ಆಮ್ಯಾಲೆ ಬೈರಿ. ಬುದ್ಧನ ನಡುವಿನ ದಾರಿ ಅಲ್ಲಿಂದನ ಶುರು ಆಗ್ತೈತಿ."

ಒಂದು ಬುದ್ಧಪೂರ್ಣಿಮೆಗೆ, ಅವರ ಕಾರ್ಖಾನೆಯ ಯೂನಿಯನ್ ಚುನಾವಣೆ ಹತ್ತಿರವಿದ್ದಾಗ, ಕೆಂಬಾವುಟದ ಮುಖಂಡನೂ ಕೇಸರಿ ಬಾವುಟದ ಮುಖಂಡನೂ ವೋಟು ಕೇಳಲು ಒಟ್ಟಿಗೇ ಅವರ ಮನೆ ಹೊಕ್ಕರು. ಫಿಟ್ಟರು ಖೀರಿನ ಬಟ್ಟಲುಗಳನ್ನು ಕೈಯಲ್ಲೇ ಹಿಡಿದು ಅದೇ ಷರತ್ತು ಹಾಕಿದರು.

"ಕ್ಯಾಂಟೀನಿನಾಗ ಬಿಸಿ ಅನ್ನ ಸಿಗೋದು ಇವನ ಜಗಳದಿಂದ್ರಿ," ಎಂದ ಕೇಸರಿಯವನು.

"ನಮ್ಮವ್ವ ದವಾಖಾನ್ಯಾಗ ಇದ್ದಾಗ ಇವನೇ ರಕ್ತ ಕೊಟ್ಟಾನ್ರಿ," ಎಂದ ಕೆಂಪಿನವನು.

ಬಟ್ಟಲು ಸಿಕ್ಕವು. ಖೀರು ಮುಗಿಸಿ ಇಬ್ಬರೂ ಒಂದಾದರು: "ಈಗ ನೀವು ನಮ್ಮ ಮ್ಯಾನೇಜರಂದು ಒಂದು ಛಲೋ ಮಾತು ಹೇಳ್ರಿ."

ಮ್ಯಾನೇಜರನನ್ನು ಕಂಡರೆ ಫಿಟ್ಟರಿಗೆ ಆಗುತ್ತಿರಲಿಲ್ಲ. ತಮ್ಮ ಬಟ್ಟಲನ್ನು ಎತ್ತಿಕೊಂಡವರು ನಕ್ಕು ಮತ್ತೆ ಕೆಳಗಿಟ್ಟರು. ಆ ದಿನ ಆರಿಹೋದದ್ದು ಅವರ ಬಟ್ಟಲೊಂದೇ.