ನೀಲಿ ತುಟಿ, ನೀಲಿ ಮದ್ದು

ಮದುವೆಯಾಗಿ ಧಾರವಾಡದಿಂದ ಹುಬ್ಬಳ್ಳಿಗೆ ಬಂದಾಗ ಗಂಡನ ಮನೆಯಲ್ಲಿ ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಹಿತ್ತಲು. ಅಲ್ಲಿ ತಗಡಿನ ಮಾಡಿನ ಕೆಳಗೆ ಮಾವನವರು ಹತ್ತಿ ನೂಲಿಗೆ ಬಣ್ಣ ಹಾಕಿ ನೇಕಾರರಿಗೆ ಕೊಡುತ್ತಿದ್ದರು. ಅರವತ್ತರ ದಶಕ ಆಗಷ್ಟೇ ಶುರುವಾಗಿತ್ತು.

ಅವರ ಕೆಂಪು ಬಣ್ಣ ಯಾವ ಡಬ್ಬಿಯಲ್ಲೂ ಇರುತ್ತಿರಲಿಲ್ಲ. ಅದು ನೂಲಿನ ಮೇಲೆಯೇ ಹುಟ್ಟುತ್ತಿತ್ತು. ಮೊದಲು ನೂಲನ್ನು ಒಂದು ದ್ರಾವಣದಲ್ಲಿ ನೆನೆಸಿ ಹಿಂಡುವರು. ಆಗ ಅದು ತಿಳಿಹಳದಿಯಾಗುತ್ತಿತ್ತು, ಅಷ್ಟೆ. ಇನ್ನೊಂದು ಬಾನಿಯಲ್ಲಿ ಬೇರೊಂದು ಪುಡಿಯನ್ನು ಆಮ್ಲದಲ್ಲಿ ಕರಗಿಸಿ, ಐಸ್ ಗಡ್ಡೆ ಹಾಕಿ, ನೈಟ್ರೈಟ್ ಎಂಬ ಲವಣ ಕರಗಿಸಿದ ನೀರನ್ನು ಸಣ್ಣ ಧಾರೆಯಾಗಿ ಹೊಯ್ಯುವರು. ಆ ನೀರಿಗೆ ನೂಲು ತಾಕಿದರೆ ಸಾಕು, ಕಣ್ಣೆದುರೇ ಕುಂಕುಮದಂತೆ ಕೆಂಪೇರುತ್ತಿತ್ತು.

"ಐಸ್ ಕಡಿಮಿ ಆತಂದ್ರ ನೈಟ್ರೈಟ್ ಎಲ್ಲಾ ಹೊಗಿ ಆಗಿ ಹೋಗತೈತಿ ನೋಡವಾ," ಎನ್ನುತ್ತಿದ್ದರು ಮಾವ. ನಾನು ಕಾಲೇಜಿನಲ್ಲಿ ಎರಡು ವರ್ಷ ರಸಾಯನಶಾಸ್ತ್ರ ಓದಿದವಳು. ಸೊಸೆ ಕೇಳುತ್ತಾಳೆಂದರೆ ಅವರಿಗೂ ಹೇಳುವ ಹುಮ್ಮಸ್ಸು.

ನೂಲು ನೆನೆಸುವ ನೀರಿಗೆ ಅಡಿಗೆಯ ಉಪ್ಪನ್ನೂ ಹಾಕುತ್ತಿದ್ದರು. ಹೀಗಾಗಿ ಹಿತ್ತಲಿನಲ್ಲಿ ಒಂದು ಗಡಿಗೆ ಉಪ್ಪು, ಅದರ ಪಕ್ಕದಲ್ಲೇ ಒಂದು ಗಡಿಗೆ ನೈಟ್ರೈಟ್. ಎರಡೂ ಬಿಳಿ. ನೈಟ್ರೈಟಿಗೆ ಸ್ವಲ್ಪ ಹಳದಿ ಛಾಯೆ ಇತ್ತಾದರೂ, ನೋಡಿ ಗೊತ್ತಿದ್ದವರಿಗೆ ಮಾತ್ರ ಅದು ಕಾಣುವಂಥದು. ರುಚಿಯೂ ಉಪ್ಪುಪ್ಪೇ.

ಒಂದು ಸೋಮವಾರ ನನ್ನದು ಉಪವಾಸ. ನನ್ನ ಯಜಮಾನರು ಬಣ್ಣದ ಸಾಮಾನು ತರಲು ಮುಂಬಯಿಗೆ ಹೋಗಿದ್ದರು. ಮಾವ ಬೆಳಿಗ್ಗೆಯೇ ಸೈಕಲ್ ಹಿಡಿದು ಐಸ್ ತರಲು ಹೊರಟಿದ್ದರು. ಅಡಿಗೆಮನೆಯಲ್ಲಿ ಇದ್ದವರು ಮಾವನ ತಂಗಿ. ನಾನು ಅವರನ್ನು ಸಣ್ಣತ್ತಿ ಎನ್ನುತ್ತಿದ್ದೆ. ಶಿರಗುಪ್ಪಿಯಿಂದ ಹಿಂದಿನ ದಿನವಷ್ಟೇ ಬಂದಿದ್ದರು. ಅತ್ತೆಯವರಿಗೆ ಅವಲಕ್ಕಿ ಹಚ್ಚಿಕೊಟ್ಟು, ತಾವೂ ಒಂದು ತುತ್ತು ಬಾಯಿಗೆ ಹಾಕಿಕೊಂಡರಂತೆ.

ನಾನು ಬಟ್ಟೆ ಒಣಹಾಕಿ ಒಳಗೆ ಬಂದಾಗ ಅತ್ತೆ ಗೋಡೆಗೊರಗಿ ಕುಳಿತಿದ್ದರು.

"ತಲಿ ಗರಾ ಗರಾ ತಿರಗಾಕತ್ತೈತಿ," ಎಂದರು. ತುಟಿ ನೋಡಿದೆ. ನೇರಳೆ ಹಣ್ಣು ತಿಂದವರ ತುಟಿಯ ಹಾಗಿತ್ತು. ಉಗುರುಗಳೂ ನೀಲಿಗಪ್ಪು.

"ಸಣ್ಣತ್ತಿ, ಏನ್ ತಿನ್ನಾಕ ಕೊಟ್ರಿ?"

"ಅವಲಕ್ಕಿ ಅಷ್ಟ ಯವ್ವಾ. ಉಪ್ಪು ಕಡಿಮಿ ಆಗಿತ್ತು, ಡಬ್ಬಿ ನೋಡಿದ್ರ ಖಾಲಿ. ಹಿತ್ತಲದಾಗ ಉಪ್ಪಿನ ಗಡಿಗಿ ಐತಲ್ಲ, ಅದರಾಗಿಂದ ಎರಡು ಚಿಟಿಗಿ ತಂದು ಉದುರಿಸಿದ್ನಿ."

ಹಿತ್ತಲಿಗೆ ಓಡಿದೆ. ಉಪ್ಪಿನ ಗಡಿಗೆಯ ಮುಚ್ಚಳ ಬಿಗಿಯಾಗಿತ್ತು. ಪಕ್ಕದ ಗಡಿಗೆಯ ಮುಚ್ಚಳ ಓರೆಯಾಗಿತ್ತು. ಅದರಿಂದ ಸ್ವಲ್ಪ ತೆಗೆದು ಕಾಗದದಲ್ಲಿ ಕಟ್ಟಿ ಸೆರಗಿಗೆ ಗಂಟು ಹಾಕಿಕೊಂಡೆ. ಅಷ್ಟರಲ್ಲಿ ಮಾವ ಬಂದರು. ಗೋಣಿಚೀಲದಲ್ಲಿ ಸುತ್ತಿದ್ದ ಐಸ್ ಅಂಗಳದಲ್ಲೇ ಬಿತ್ತು. ಓಣಿಯ ತುದಿಯಲ್ಲಿದ್ದ ಟಾಂಗಾ ಕರೆದು ಅತ್ತೆಯನ್ನು ಎತ್ತಿ ಕೂಡ್ರಿಸಿದೆವು. ಸಣ್ಣತ್ತೆಯೂ ಅಳುತ್ತ ಹತ್ತಿದರು.

ಆಸ್ಪತ್ರೆಯಲ್ಲಿದ್ದ ಡಾಕ್ಟರು ಇನ್ನೂ ಎಳೆಯ ವಯಸ್ಸಿನವರು. ಹೃದಯದ ತೊಂದರೆಯೋ ಎಂದು ಎದೆಗೆ ಸ್ಟೆತಾಸ್ಕೋಪ್ ಇಟ್ಟು ನೋಡಿ, ಆಕ್ಸಿಜನ್ ಕೊಡಿಸಿದರು. ತುಟಿಯ ಬಣ್ಣ ಬದಲಾಗಲಿಲ್ಲ. ತೋಳಿನಿಂದ ರಕ್ತ ತೆಗೆದರು. ಅದು ಕೆಂಪಗಿರಲಿಲ್ಲ. ಡಿಕಾಕ್ಷನ್ನಿನ ಬಣ್ಣದ್ದು. ಹತ್ತಿಯ ಮೇಲೆ ಒಂದು ಹನಿ ಹಾಕಿ ಗಾಳಿಗೆ ಆಡಿಸಿದರೂ ಅದು ಕೆಂಪಾಗಲಿಲ್ಲ.

"ಏನರ ಔಷಧ, ಪುಡಿ ಹೊಟ್ಟಿಗೆ ಹೋಗೇತೇನ್ರಿ?"

"ಬಣ್ಣಕ್ಕ ಹಾಕೋ ನೈಟ್ರೈಟ್ ರೀ," ಎಂದರು ಮಾವ. ನಾನು ಸೆರಗಿನ ಗಂಟು ಬಿಚ್ಚಿ ಪೊಟ್ಟಣ ಕೊಟ್ಟೆ.

ಡಾಕ್ಟರು ಅದನ್ನು ಗಾಜಿನ ಕೊಳವೆಯಲ್ಲಿ ನೀರಿಗೆ ಹಾಕಿ, ಮೇಲೆ ಆಮ್ಲದ ಹನಿ ಬಿಟ್ಟರು. ಬುಸುಗುಟ್ಟಿ ಕಂದು ಹೊಗೆ ಎದ್ದಿತು. ಅವರ ಮುಖದ ಬಿಗುವು ಸಡಿಲಾಯಿತು.

"ಖರೇ ಅದ. ಇದು ಉಪ್ಪಾಗಿದ್ರ ಈ ಹೊಗಿ ಏಳೂದಿಲ್ಲ. ನೋಡ್ರಿ, ರಕ್ತದಾಗಿನ ಕಬ್ಬಿಣ ಆಕ್ಸಿಜನ್ ಹೊತಗೊಂಡು ಅಡ್ಡಾಡತದ. ಈ ನೈಟ್ರೈಟ್ ಆ ಕಬ್ಬಿಣಾನ ಕೆಡಿಸಿಬಿಡತದ. ಆಕ್ಸಿಜನ್ ಎಷ್ಟು ಕೊಟ್ರೂ ಹೊರಾವ್ರ ಇಲ್ಲಧಂಗ. ಆದ್ರ ಇದಕ್ಕ ಔಷಧ ಅದ, ಅಂಜಬ್ಯಾಡ್ರಿ."

ನರ್ಸು ತಂದ ಔಷಧಿ ಕಡು ನೀಲಿಯಾಗಿತ್ತು. ಅದು ಸಿರಿಂಜಿಗೆ ಏರುವುದನ್ನು ಕಂಡು ಮಾವ ಎದ್ದು ನಿಂತರು.

"ಡಾಕ್ಟರ್ ಸಾಹೇಬ್ರ, ಇದು ಬಣ್ಣ ಅಲ್ರಿ?"

"ಬಣ್ಣನ ರೀ ಯಜಮಾನ್ರ. ಮೆಥಿಲೀನ್ ಬ್ಲೂ. ಕೆಟ್ಟ ಕಬ್ಬಿಣಾನ ಮತ್ತ ಸರಿ ಮಾಡತದ."

ಜೀವಮಾನವೆಲ್ಲ ನೂಲಿಗೆ ಬಣ್ಣ ಹಾಕಿದ ಮನುಷ್ಯ, ಹೆಂಡತಿಯ ರಕ್ತಕ್ಕೆ ಬಣ್ಣ ಸೇರುವುದನ್ನು ನೋಡಲಾರದೆ ಕಿಟಕಿಯ ಕಡೆ ತಿರುಗಿದರು. ಡಾಕ್ಟರು ಸಿರಿಂಜನ್ನು ಬಹಳ ನಿಧಾನವಾಗಿ ಒತ್ತುತ್ತಿದ್ದರು. ನಾನು ಅತ್ತೆಯ ಉಗುರುಗಳನ್ನೇ ನೋಡುತ್ತ ಕುಳಿತೆ. ಎಷ್ಟು ಹೊತ್ತಾಯಿತೋ, ಹೆಬ್ಬೆರಳಿನ ಉಗುರಿನಲ್ಲಿ ಗುಲಾಬಿ ಬಣ್ಣ ಕಾಣಿಸಿತು. ಆಮೇಲೆ ತುಟಿಯಲ್ಲಿ. ಬಾನಿಯೊಳಗೆ ನೂಲು ಕೆಂಪಾಗುವುದನ್ನು ಎಷ್ಟೋ ಸಲ ನೋಡಿದ್ದೆ. ಇಷ್ಟು ಸಂತೋಷ ಎಂದೂ ಆಗಿರಲಿಲ್ಲ.

"ನೀರು ಕೊಡವಾ," ಎಂದರು ಅತ್ತೆ. ಮಾವ ಹೊರಗೆ ವರಾಂಡಕ್ಕೆ ಹೋಗಿ ಧೋತರದ ತುದಿಯಿಂದ ಕಣ್ಣೊರೆಸಿಕೊಂಡರು. ಬೆಂಚಿನ ಮೇಲೆ ಮುದುಡಿ ಕುಳಿತಿದ್ದ ಸಣ್ಣತ್ತೆಯ ತಲೆ ಮೇಲೆ ಕೈಯಿಟ್ಟು, "ಅಳಬ್ಯಾಡ ತಂಗಿ. ಎರಡೂ ಗಡಿಗಿ ಒಂದ ಕಡೆ ಇಟ್ಟಾಂವ ನಾನು," ಎಂದರು. ಒಂದೇ ತುತ್ತು ತಿಂದಿದ್ದರಿಂದ ಅವರಿಗೆ ಹೊಟ್ಟೆ ತೊಳಸಿದ್ದು ಬಿಟ್ಟರೆ ಏನೂ ಆಗಲಿಲ್ಲ.

ಮರುದಿನ ಅತ್ತೆ ಆಸ್ಪತ್ರೆಯ ಬಚ್ಚಲಿನಿಂದ ಗಾಬರಿಯಾಗಿ ಕೂಗಿದರು. "ಏ, ಹಸರು ಹೊಂಟೈತವಾ!" ಔಷಧಿಯ ನೀಲಿ ಹೀಗೆ ಮೂತ್ರದಲ್ಲಿ ಹೊರಗೆ ಹೋಗುತ್ತದೆಂದು ಡಾಕ್ಟರು ಮೊದಲೇ ನನಗೆ ಹೇಳಿದ್ದರು. ನಾನದನ್ನು ಹೇಳಿದಾಗ ಅತ್ತೆಗೆ ನಗು ತಡೆಯಲಾಗಲಿಲ್ಲ. "ನಿಮ್ಮ ಮಾವಗ ಹೇಳು, ಇನ್ನ ಬಾನಿ ಬ್ಯಾಡ, ನಾನ ಸಾಕು," ಎಂದರು. ವಾರ್ಡಿನವರೆಲ್ಲ ನಮ್ಮ ಕಡೆ ನೋಡುವಷ್ಟು ನಕ್ಕೆವು.

ಮನೆಗೆ ಬಂದ ಮೇಲೆ ಮಾವ ನೈಟ್ರೈಟನ್ನು ಬೀಗ ಹಾಕುವ ಪೆಟ್ಟಿಗೆಗೆ ಸಾಗಿಸಿದರು. ಸಣ್ಣತ್ತೆ ಮಾತ್ರ ಅಡಿಗೆಮನೆಯ ಹೊಸ್ತಿಲು ತುಳಿಯಲಿಲ್ಲ. ಊರಿಗೆ ಹೋಗುತ್ತೇನೆಂದು ಚೀಲ ಕಟ್ಟಿಕೊಂಡು ಕುಳಿತರು. ಅತ್ತೆ ಆ ಚೀಲವನ್ನು ಕಸಿದು ಒಳಗಿಟ್ಟರು.

"ನನಗ ಹಸಿವಿ ಆಗೇತಿ. ನಿನ್ನ ಕೈಯಾಗಿನ ಝುಣಕಾ ತಿಂದು ಭಾಳ ದಿವಸ ಆತು. ಏಳು."

"ನಾ ಒಲ್ಲೆ ವೈನಿ, ಕೈ ನಡುಗತಾವ."

"ನಡುಗಲಿ, ಅಡಿಗಿ ಆಗತೈತಿ."

ಸಣ್ಣತ್ತೆ ಎದ್ದರು. ಅತ್ತೆ ಮೊದಲ ತುತ್ತನ್ನು ಎಲ್ಲರೆದುರೇ ಬಾಯಿಗಿಟ್ಟುಕೊಂಡು, "ಖಾರ ಸ್ವಲ್ಪ ಜಾಸ್ತಿ ಆಗೇತಿ," ಎಂದು ಇನ್ನೊಂದು ರೊಟ್ಟಿ ಬಡಿಸಿಕೊಂಡರು.